ಅಂಗಡಿಗೆ ಬಾಗಿಲು ಹಾಕಿದ ಸಮಾಚಾರ

ಆಗಸ್ಟ್ ೯

ಪ್ರೀತಿಯ ಮಾವ,

ಫೋನಿನಲ್ಲಿ ನೀವು "ಊಟ ಆಯ್ತಾ, ಸರಿ, ಇಡ್ತೀನಿ" ಅನ್ನುವ ಮೂರು ಮಾತು ದಾಟುವುದಿಲ್ಲ. ಕಾಗದವಾದರೆ ಎರಡು ಪುಟ ಬರೆಯುತ್ತೇನೆಂದು ಮಾತು ಕೊಟ್ಟವರೂ ನೀವೇ. ಮೂರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳ ಕನ್ನಡಕ್ಕೆ ತುಕ್ಕು ಹಿಡಿದಿದೆ, ಎಣ್ಣೆ ಬಿಡಬೇಕು ಅಂದಿರಲ್ಲ, ಆದ್ದರಿಂದ ಇದು ಮೊದಲ ಕಾಗದ. ತಪ್ಪಿದ್ದರೆ ತಿದ್ದಿ. ಆದರೆ ಗಟ್ಟಿಯಾಗಿ ಓದಿ ಅತ್ತೆಗೆ ಕೇಳಿಸಬೇಡಿ.

ರೂಮು ಪರವಾಗಿಲ್ಲ. ಇಬ್ಬರಿದ್ದೇವೆ, ಒಂದು ಕಿಟಕಿ ಇದೆ. ಕಿಟಕಿಯ ಕೆಳಗೇ ಸೈಕಲ್ ಸ್ಟ್ಯಾಂಡು, ಅದೊಂದು ಸಮಾಧಾನ. ಫಿಸಿಯೋಥೆರಪಿ ಅಂದರೆ ನೋವಿರುವವರ ಕೈಕಾಲು ಆಡಿಸುವುದನ್ನು ಕಲಿಸುತ್ತಾರೆ ಅಂದುಕೊಂಡು ಸೇರಿದೆ. ಇಲ್ಲಿ ನೋಡಿದರೆ ಮೊದಲ ವರ್ಷ ಬರೀ ಮೂಳೆಗಳ ಹೆಸರು. ಇಬ್ಬರಿಗೊಂದರಂತೆ ಮೂಳೆಯ ಪೆಟ್ಟಿಗೆ ಕೊಟ್ಟಿದ್ದಾರೆ. ಅದನ್ನು ರೂಮ್‌ಮೇಟ್ ತನ್ನ ಮಂಚದ ಕೆಳಗೆ ಇಟ್ಟುಕೊಂಡಿದ್ದಾಳೆ, ಯಾಕೆಂದರೆ ನಾನು ಬೇಡ ಅಂದೆ.

ಒಳ್ಳೆಯವರೂ ಇದ್ದಾರೆ. ಬಂದ ದಿನ ಟ್ರಂಕು ಹಿಡಿದುಕೊಂಡು ಮೂರನೇ ಮಹಡಿ ಹತ್ತಲಾಗದೆ ನಿಂತಿದ್ದಾಗ ಒಬ್ಬರು ಸೀನಿಯರ್ ಬಂದು ನನಗೆ ಕೈ ಕೊಟ್ಟರು. ತುಂಬಾ ಖುಷಿಯಾಯಿತು.

ಇನ್ನೊಂದು ವಿಷಯ. ನನಗೊಬ್ಬ ಗೆಳತಿ ಇದ್ದಾಳೆ. ಅವಳಿಗೆ ಈ ಓದು ಹಿಡಿಸುತ್ತಿಲ್ಲ. ಕ್ಲಾಸಿನಲ್ಲಿ ಏನಾದರೂ ಕೇಳಿದರೆ ಬಾಯಿಗೆ ಬೀಗ ಬೀಳುತ್ತದೆ. ಮೊದಲ ಪರೀಕ್ಷೆ ಮುಗಿಸಿ ಬಿಟ್ಟುಬಿಡೋಣ ಅನ್ನುತ್ತಿದ್ದಾಳೆ. ಸೈಕಲ್ ರಿಪೇರಿ ಅಂದರೆ ಅವಳಿಗೆ ಇಷ್ಟ. ನಿಮ್ಮ ಅಂಗಡಿಯಲ್ಲಿ ಇನ್ನೊಬ್ಬರಿಗೆ ಜಾಗ ಇದೆಯಾ? ಸುಮ್ಮನೆ ಕೇಳಿದೆ. ಅಮ್ಮನಿಗೆ ಹೇಳಬೇಡಿ.

ಇಲ್ಲಿ ಯಾರಿಗೂ ಗೊತ್ತಿಲ್ಲದ ಹೆಸರಿನ,
ಕಡ್ಡಿ


ಆಗಸ್ಟ್ ೧೬

ಕಡ್ಡಿಗೆ,

ಕಾಗದ ಬಂತು. ಅತ್ತೆಗೆ ಓದಿ ಹೇಳಲಿಲ್ಲ, ಅವಳೇ ಕಿತ್ತುಕೊಂಡು ಓದಿದಳು.

ಒಂದೇ ಒಂದು ತಪ್ಪು, ಆದರೆ ದೊಡ್ಡದು. ಸೀನಿಯರ್ ನಿನಗೆ ಕೈ ಕೊಟ್ಟರು, ಖುಷಿಯಾಯಿತು ಅಂತ ಬರೆದಿದ್ದೀಯ. ಮಗಳೇ, ಕೈ ಕೊಟ್ಟರು ಅಂದರೆ ನಂಬಿಸಿ ನಡುನೀರಿನಲ್ಲಿ ಬಿಟ್ಟುಹೋದರು ಅಂತ. ಅದನ್ನೋದಿ ನಿನ್ನತ್ತೆ, "ಟ್ರಂಕು ಎತ್ಕೊಂಡು ಓಡಿಹೋದ್ಲೇನ್ರೀ ಅವಳು?" ಅಂದಳು. ಅವರು ಮಾಡಿದ್ದು ಕೈ ಜೋಡಿಸುವ ಕೆಲಸ. ನೀನು ಇಂಗ್ಲಿಷಿನಲ್ಲಿ ಯೋಚನೆ ಮಾಡಿ ಕನ್ನಡದ ಅಂಗಿ ತೊಡಿಸುತ್ತೀಯ, ಗುಂಡಿ ಒಂದು ಕಾಜ ತಪ್ಪಿ ಬೀಳುತ್ತದೆ. ನೆನಪಿಟ್ಟುಕೋ: ಕನ್ನಡದಲ್ಲಿ ಕೈ ಅಂದರೆ ಎಲ್ಲ ಸಲವೂ ಕೈ ಅಲ್ಲ. ಕಣ್ಣು ಕಣ್ಣಲ್ಲ, ತಲೆ ತಲೆಯಲ್ಲ. ಮಾತು ಎದುರಿಗೆ ಒಂದು ಹೇಳಿ ಬೆನ್ನ ಹಿಂದೆ ಇನ್ನೊಂದು ಹೇಳುತ್ತಿರುತ್ತದೆ. ಗೊತ್ತಾಗದಿದ್ದರೆ ಬಲ್ಲವರನ್ನು ಕೇಳು.

ನಿನ್ನ ಗೆಳತಿ ಬರಲಿ. ಮೂರು ಗೋಡೆ, ಮುಂದೆ ಒಂದು ಟಾರ್ಪಾಲಿನ ಪರದೆ, ಒಳಗೆ ನಾನು. ಇನ್ನೊಂದು ಸ್ಟೂಲಿಗೆ ಜಾಗ ಇದೆ. ಪಂಚರ್ ಹಾಕುವುದು ಎರಡು ದಿನದಲ್ಲಿ ಬರುತ್ತದೆ, ಚಕ್ರದ ಬೆಂಡ್ ತೆಗೆಯುವುದಕ್ಕೆ ಎರಡು ವರ್ಷ ಬೇಕು. ಮಾತು ಕಮ್ಮಿ ಅಂದರೆ ಇನ್ನೂ ಒಳ್ಳೆಯದು. ಗಿರಾಕಿಗಳೇ ಬೇಕಾದಷ್ಟು ಆಡುತ್ತಾರೆ. ಆದರೆ ಹೇಳಿಬಿಡುತ್ತೇನೆ, ನೀನಾಗಿದ್ದರೆ ಬೈದು ವಾಪಸ್ ಕಳಿಸುತ್ತಿದ್ದೆ. ಬೇರೆಯವರ ಮಕ್ಕಳಿಗೆ ಬುದ್ಧಿ ಹೇಳಲು ನಾನ್ಯಾರು?

ನಿನ್ನ ಮಾವ


ಸೆಪ್ಟೆಂಬರ್ ೨೧

ಮಾವ,

ಒಂದು ತಿಂಗಳು ಬರೆಯಲಿಲ್ಲ. ಕೋಪ ಬೇಡ. ಟೆಸ್ಟ್ ಇತ್ತು, ಆಮೇಲೆ ಟೆಸ್ಟ್ ಮುಗಿದ ದುಃಖ ಇತ್ತು.

ಮೊದಲು ಸಂತೋಷದ ಸುದ್ದಿ. ನಮ್ಮ ವಾರ್ಡನ್ ಸೈಕಲಿನ ಚೈನು ದಿನಕ್ಕೆರಡು ಸಲ ಕಳಚುತ್ತಿತ್ತು. ಭಾನುವಾರ ಸ್ಟ್ಯಾಂಡಿನಲ್ಲಿ ಯಾರೂ ಇಲ್ಲದಾಗ ಹೋಗಿ ಹಿಂದಿನ ಚಕ್ರ ಒಂದಿಷ್ಟು ಎಳೆದು ನಟ್ಟು ಬಿಗಿ ಮಾಡಿದೆ. ಸೋಮವಾರ ಅವರು ಎಲ್ಲರೆದುರು, "ಯಾರೋ ಪುಣ್ಯಾತ್ಮರು ನನ್ನ ಸೈಕಲ್ ರಿಪೇರಿ ಮಾಡಿದಾರೆ" ಅಂದರು. ನನ್ನ ಉಗುರಿನಲ್ಲಿ ಗ್ರೀಸ್ ಇತ್ತು, ಕೈ ಹಿಂದೆ ಕಟ್ಟಿಕೊಂಡೆ. ಮೂರು ದಿನ ಆ ವಾಸನೆ ಹೋಗಲಿಲ್ಲ. ನಾನೂ ಸೋಪು ಹಾಕಿ ಉಜ್ಜಲಿಲ್ಲ ಅನ್ನಿ.

ಇನ್ನು ಇನ್ನೊಂದು. ಅನಾಟಮಿ ಮೇಡಂ ನನ್ನ ಕೈಗೊಂದು ಮೂಳೆ ಇಟ್ಟು "ಏನಮ್ಮ ಇದು?" ಅಂದರು. ಗೊತ್ತಿತ್ತು ಮಾವ. ಗಂಟಲಲ್ಲಿ ಬಂದು ಕೂತಿತ್ತು, ನಾಲಿಗೆಗೆ ಹತ್ತಲೊಲ್ಲದು. ಅರವತ್ತು ಜನ ನೋಡುತ್ತಿದ್ದರು. ಮೇಡಂ ಕಾದು ಕಾದು, "ಸರಿ, ಅದನ್ನ ಕೆಳಗಿಡು, ಅದೂ ಸುಸ್ತಾಗಿದೆ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಾನು ನಕ್ಕಿದ್ದಕ್ಕೇ ಹೆಚ್ಚು ನೋವಾಯಿತು.

ನಿಮ್ಮ ಅಕ್ಷರ ಈ ಸಲ ಒಂದು ಕಡೆ ವಾಲಿತ್ತು. ಯಾಕೆ? ಗೆಳತಿ ಬಹುಶಃ ಡಿಸೆಂಬರಿನಲ್ಲಿ ಬರುತ್ತಾಳೆ.

ಕಡ್ಡಿ


ಸೆಪ್ಟೆಂಬರ್ ೨೮

ಕಡ್ಡಿಗೆ,

ಅಕ್ಷರ ವಾಲುವುದಕ್ಕೆ ಮೇಜು ವಾಲಿರುವುದೇ ಕಾರಣ. ಒಂದು ಕಾಲಿನ ಕೆಳಗೆ ಹಳೇ ಟೈರಿನ ಚೂರು ಇಡಬೇಕು, ಪುರುಸೊತ್ತಿಲ್ಲ.

ನಿನ್ನ ಗಂಟಲಿನ ವಿಚಾರ. ಜಾಮ್ ಆದ ನಟ್ಟನ್ನು ಎಲ್ಲರೂ ಜೋರು ಹಾಕಿ ತಿರುಗಿಸುತ್ತಾರೆ, ಅದು ಮುರಿಯುತ್ತದೆ. ನಾನು ಎರಡು ಹನಿ ಎಣ್ಣೆ ಬಿಟ್ಟು ಚಹಾ ಕುಡಿಯಲು ಹೋಗುತ್ತೇನೆ. ಗಿರಾಕಿ ಬೈಯುತ್ತಾನೆ. ಬೈಯಲಿ. ಬಂದು ನೋಡಿದರೆ ನಟ್ಟು ತಾನೇ ಸಡಿಲಾಗಿರುತ್ತದೆ. ನಿನಗೆ ಚಹಾ ಕುಡಿಯುವಷ್ಟು ಹೊತ್ತು ಯಾರೂ ಕೊಡುತ್ತಿಲ್ಲ, ಅಷ್ಟೇ ತೊಂದರೆ.

ಇಲ್ಲಿ ಸಣ್ಣಪುಟ್ಟ ಸುದ್ದಿ. ನಿನ್ನತ್ತೆ ಹಿತ್ತಲಿನಲ್ಲಿ ಹಾಕಿದ ಕುಂಬಳದ ಬಳ್ಳಿ ಪಕ್ಕದ ಮನೆಯ ಗೋಡೆ ಹತ್ತಿ ಆ ಕಡೆ ಕಾಯಿ ಬಿಟ್ಟಿದೆ. ನೀರು ನಮ್ಮದು, ಕಾಯಿ ಅವರದು. ಇವಳು ದಿನಾ ಬೆಳಿಗ್ಗೆ ಸ್ಟೂಲು ಹಾಕಿಕೊಂಡು ಇಣುಕಿ, "ಚೆನ್ನಾಗಿದ್ದೀಯೇನೋ ಮರಿ?" ಅಂತ ಕಾಯಿಯನ್ನು ಮಾತಾಡಿಸಿ ಬರುತ್ತಾಳೆ.

ಆ ಗೆಳತಿಯ ಬಗ್ಗೆ ಅತ್ತೆ ತುಂಬಾ ಕೇಳುತ್ತಾಳೆ. ಎಷ್ಟು ಎತ್ತರ, ಏನು ತಿನ್ನುತ್ತಾಳೆ, ಮಲಗಿದರೆ ಹೊದಿಕೆ ಒದೆಯುತ್ತಾಳಾ ಅಂತ. ಅವಳಿಗ್ಯಾಕೆ ಇದೆಲ್ಲ, ನನಗೆ ಅರ್ಥವಾಗಲಿಲ್ಲ.

ಮಾವ


ಅಕ್ಟೋಬರ್ ೧೨

ಮಾವ,

ಇದನ್ನು ಕೂತು ಓದಿ. ನಿಂತು ಓದಬೇಡಿ.

ಗೆಳತಿ ಅಂತ ಯಾರೂ ಇಲ್ಲ. ನಾನೇ.

ಇಪ್ಪತ್ತಾರನೇ ತಾರೀಕು ಅನಾಟಮಿ ವೈವಾ. ಹೊರಗಿನಿಂದ ಎಕ್ಸಾಮಿನರ್ ಬರುತ್ತಾರೆ. ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳುತ್ತಾರೆ. ನಾನು ಬಾಯಿ ಬಿಡುವುದಿಲ್ಲವೆಂದು ನನಗೆ ಈಗಲೇ ಗೊತ್ತು. ಹೋಗುವುದೇ ಬೇಡ ಅನ್ನಿಸಿದೆ. ಇಪ್ಪತ್ತೈದಕ್ಕೆ ಬಸ್ಸು ಹತ್ತಿ ನಿಮ್ಮಲ್ಲಿಗೆ ಬಂದುಬಿಡಲಾ? ಅಪ್ಪ ಅಮ್ಮ ವರ್ಗವಾದಾಗಲೆಲ್ಲ ಮನೆ ಬದಲಾಗುತ್ತಿತ್ತು. ಪ್ರತಿ ರಜೆಯಲ್ಲೂ ಅದೇ ಜಾಗದಲ್ಲಿ ಅದೇ ಥರ ಇದ್ದದ್ದು ನಿಮ್ಮ ಅಂಗಡಿ ಒಂದೇ. ಅಲ್ಲಿ ನನಗೆ ಮಾತು ಬರುತ್ತದೆ. ಅಲ್ಲಿ ಯಾರೂ ನನ್ನ ಕೈಗೆ ಏನೋ ಕೊಟ್ಟು ಇದೇನು ಅಂತ ಕೇಳುವುದಿಲ್ಲ. ಕೇಳಿದರೂ ಅದು ಫ್ರೀವೀಲ್ ಆಗಿರುತ್ತದೆ, ನಾನು ಹೇಳುತ್ತೇನೆ.

ಬೈದು ಕಳಿಸುತ್ತೇನೆ ಅಂದಿದ್ದೀರಿ. ಬೈಯಿರಿ. ಕಳಿಸಬೇಡಿ. ನಿಮ್ಮ ಉತ್ತರ ನೋಡಿಕೊಂಡು ಟಿಕೆಟ್ ಮಾಡಿಸುತ್ತೇನೆ.

ಕಡ್ಡಿ


ಅಕ್ಟೋಬರ್ ೧೩

ಕಡ್ಡಿಗೆ,

ಒಂದು ಸಮಾಚಾರ. ಹದಿನಾಲ್ಕು ವರ್ಷ ಆದ ಮೇಲೆ ಕೊನೆಗೂ ಮೊನ್ನೆ ಅಂಗಡಿಗೆ ಬಾಗಿಲು ಹಾಕಿದೆ.

ನಿನ್ನತ್ತೆ ಬಹಳ ದಿನದಿಂದ ಹೇಳುತ್ತಿದ್ದಳು, ನಾನೇ ಇವತ್ತು ನಾಳೆ ಅಂತ ತಳ್ಳುತ್ತಿದ್ದೆ. ಎದುರಿನ ದರ್ಜಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತು, "ಅಂತೂ ಹಾಕೇಬಿಟ್ರಲ್ಲ ಸ್ವಾಮಿ" ಅಂದ. ನಿಜ ಹೇಳಬೇಕೆಂದರೆ ಮೊದಲ ಸಂಜೆ ಒಂಥರಾ ಆಯಿತು. ಬರಿಗೈಯಲ್ಲಿ ಮನೆಗೆ ಹೊರಟೆ. ಪಂಪು ಇಲ್ಲ, ಪಾನಾ ಪೆಟ್ಟಿಗೆ ಇಲ್ಲ, ಹೆಗಲಿಗೆ ಟೈರು ಇಲ್ಲ. ಏನೋ ಮರೆತು ಬಂದವನ ಹಾಗೆ ದಾರಿಯಲ್ಲಿ ಎರಡು ಸಲ ತಿರುಗಿ ನೋಡಿದೆ. ಈಗ ರೂಢಿಯಾಗುತ್ತಿದೆ. ಇನ್ನು ಸಂಜೆ ಹೊತ್ತು ಸಾಗಿಸುವ ಕೆಲಸವಿಲ್ಲ. ನಾನೂ ಅತ್ತೆಯೂ ಪಾರ್ಕಿನಲ್ಲಿ ಒಂದು ಸುತ್ತು ಹಾಕಿ ಬೆಂಚಿನ ಮೇಲೆ ಕೂತು ಬರುತ್ತೇವೆ. ಹದಿನಾಲ್ಕು ವರ್ಷದಲ್ಲಿ ಆ ಬೆಂಚು ನಾನು ನೋಡಿರಲೇ ಇಲ್ಲ.

ಮನಸ್ಸು ಹಗುರವಾಗಿದೆ. ನೀನು ಚೆನ್ನಾಗಿ ಓದು.

ಮಾವ


ಅಕ್ಟೋಬರ್ ೨೯

ಪ್ರೀತಿಯ ಮಾವ, ಅತ್ತೆ,

ಹೇಗೆ ಶುರು ಮಾಡಬೇಕೋ ತಿಳಿಯುತ್ತಿಲ್ಲ. ನಿಮ್ಮ ಕಾಗದ ಬಂದು ಹತ್ತು ದಿನದ ಮೇಲಾಯಿತು. ಆಮೇಲೆ ನೀವು ಒಂದು ಸಾಲೂ ಬರೆದಿಲ್ಲ. ಫೋನಿನಲ್ಲಿ ಕೇಳಲು ನನಗೂ ಧೈರ್ಯ ಬರಲಿಲ್ಲ. ನಿಮ್ಮ ಮನಸ್ಸಿನಲ್ಲಿ ಏನಾಗುತ್ತಿರಬಹುದು ಎಂದು ನನಗೆ ಅರ್ಥವಾಗುತ್ತದೆ.

ಮೊದಲ ಸಲ ಓದಿದಾಗ ಗೊತ್ತಾಗಲಿಲ್ಲ. ಟಾರ್ಪಾಲಿನ ಅಂಗಡಿಗೆ ಬಾಗಿಲೇ ಇಲ್ಲವಲ್ಲ, ಇಲ್ಲದ ಬಾಗಿಲನ್ನು ಮಾವ ಹೇಗೆ ಹಾಕಿದರು ಅಂದುಕೊಂಡೆ. ಆಗ ನೀವು ಹೇಳಿದ್ದು ನೆನಪಾಯಿತು. ಕೈ ಅಂದರೆ ಕೈ ಅಲ್ಲ. ಹಾಗಾದರೆ ಬಾಗಿಲು ಬಾಗಿಲಲ್ಲ. ಬಲ್ಲವರನ್ನು ಕೇಳು ಅಂದಿದ್ದಿರಿ, ರೂಮ್‌ಮೇಟನ್ನು ಕೇಳಿದೆ. ಅವಳು ಕನ್ನಡದಲ್ಲೇ ಓದಿ ಬಂದವಳು. ಮುಖ ಸಣ್ಣದು ಮಾಡಿಕೊಂಡು, "ಅಂಗಡಿಗೆ ಬಾಗಿಲು ಹಾಕಿದ್ರು ಅಂದ್ರೆ ಮುಚ್ಚಿಬಿಟ್ರು ಅಂತ ಕಣೇ. ಪೂರ್ತಿ" ಅಂದಳು. ಅವಳೇ ಹೋಗಿ ನನಗೆ ಚಹಾ ತಂದುಕೊಟ್ಟಳು.

ಬರಲಾ ಅಂತ ಕೇಳಿದವಳಿಗೆ ಅಷ್ಟು ಮೆತ್ತಗೆ ಇಲ್ಲ ಅಂದಿರಿ. ಒಂದು ಬೈಗುಳವೂ ಇಲ್ಲದೆ. ನಿಮ್ಮ ಕಷ್ಟ ಗೊತ್ತಿಲ್ಲದೆ ನಾನು ನನ್ನದೇ ಹಾಡು ಹಾಡಿದೆ, ತಪ್ಪಾಯಿತು. ಹದಿನಾಲ್ಕು ವರ್ಷದ ಅಂಗಡಿ. ಸಂಜೆ ಬರಿಗೈಯಲ್ಲಿ ಹೋಗಿ ಪಾರ್ಕಿನ ಬೆಂಚಿನ ಮೇಲೆ ಕೂರುತ್ತೀರಿ ಅನ್ನುವುದನ್ನು ನೆನೆಸಿಕೊಂಡರೆ ಓದಲು ಕೂರಲಾಗುತ್ತಿರಲಿಲ್ಲ. ಎದುರಿನ ದರ್ಜಿಯ ಮೇಲೆ ನನಗೆ ವಿಪರೀತ ಸಿಟ್ಟು ಬಂದಿದೆ.

ಟಿಕೆಟ್ ಮಾಡಿಸಲಿಲ್ಲ. ಎಲ್ಲಿಗೆ ಅಂತ ಮಾಡಿಸಲಿ? ವೈವಾಕ್ಕೆ ಹೋದೆ.

ಎಕ್ಸಾಮಿನರ್ ಒಂದು ಉದ್ದ ಮೂಳೆ ಕೊಟ್ಟರು. ಎಂದಿನಂತೆ ಬಾಯಿಗೆ ಬೀಗ ಬಿತ್ತು. ಅವರು ಬೇರೇನೂ ಕೇಳದೆ, "ಎಡಗಾಲಿಂದೋ ಬಲಗಾಲಿಂದೋ ಅಷ್ಟಾದ್ರೂ ಹೇಳಮ್ಮ" ಅಂದರು. ನಾನು ಎದ್ದು ನಿಂತು ಆ ಮೂಳೆಯನ್ನು ನನ್ನ ತೊಡೆಗೇ ಹಿಡಿದು ನೋಡಿದೆ. ಈ ಕಡೆ ಹಿಡಿದೆ, ಕೂರಲಿಲ್ಲ. ಆ ಕಡೆ ಹಿಡಿದೆ, ಕೂತಿತು. "ಬಲ" ಅಂದೆ. "ಇದು ಹೇಳೋಕೆ ಇಷ್ಟು ಹೊತ್ತು ಬೇಕಿತ್ತಾ?" ಅಂದರು. "ಬೇಕಿತ್ತು ಸರ್" ಅಂದೆ. ಅವರು ನಕ್ಕರು. ಆಮೇಲೆ ಅದರ ತಲೆ ಎಲ್ಲಿ, ಕುತ್ತಿಗೆ ಎಲ್ಲಿ ಅಂತೆಲ್ಲ ಕೇಳಿದರು, ತೋರಿಸುತ್ತ ತೋರಿಸುತ್ತ ಹೇಳಿದೆ. ನಲವತ್ತಕ್ಕೆ ಇಪ್ಪತ್ತೊಂದು. ಇಪ್ಪತ್ತಕ್ಕೆ ಪಾಸು.

ಅದು ದೊಡ್ಡದಲ್ಲ. ನೀವು ಈಗ ದಿನವಿಡೀ ಏನು ಮಾಡುತ್ತೀರಿ? ಬೇಜಾರಾದರೆ ನನಗೆ ಬರೆಯಿರಿ. ಎಷ್ಟು ಉದ್ದವಾದರೂ ಓದುತ್ತೇನೆ.

ಕಡ್ಡಿ


ನವೆಂಬರ್ ೩

ಕಡ್ಡಿಗೆ,

ನಿನ್ನ ಸಂತಾಪ ಸೂಚಕ ಪತ್ರ ತಲುಪಿತು. ಅಂಗಡಿಯಲ್ಲಿ ಕೂತು ಓದಿದೆ. ಹೌದು, ಅಂಗಡಿಯಲ್ಲಿ. ಅದು ಸತ್ತಿಲ್ಲ.

ಬಾಗಿಲು ಹಾಕಿದೆ ಅಂದರೆ ಬಾಗಿಲು ಹಾಕಿದೆ. ಮರದ್ದು. ಎರಡು ಕದ, ಒಂದು ಚಿಲಕ, ಹಸಿರು ಬಣ್ಣ. ಬಡಗಿ ಬಂದು ಎರಡು ದಿನ ಕೂತು ಹಾಕಿಕೊಟ್ಟ. ಟಾರ್ಪಾಲು ತೆಗೆದು ಕುಂಬಳದ ಬಳ್ಳಿಗೆ ನೆರಳು ಮಾಡಿದ್ದೇವೆ. ಮೊದಲು ದಿನಾ ಸಂಜೆ ಎಲ್ಲ ಸಾಮಾನೂ ಮನೆಗೆ ಹೊತ್ತು ತರುತ್ತಿದ್ದೆನಲ್ಲ, ಈಗ ಬಾಗಿಲು ಹಾಕಿರುವುದರಿಂದ ಬಾಗಿಲು ಹಾಕಿಕೊಂಡು ಬರುತ್ತೇನೆ. ಈ ವಾಕ್ಯವನ್ನು ನಿನ್ನ ರೂಮ್‌ಮೇಟಿಗೆ ತೋರಿಸಿ ಅರ್ಥ ಕೇಳು, ಈ ಸಲವೂ ಚಹಾ ತಂದುಕೊಡುತ್ತಾಳೇನೋ ನೋಡೋಣ.

ತಪ್ಪು ನನ್ನದೇ. ಕೈ ಅಂದರೆ ಕೈ ಅಲ್ಲ ಅಂತ ಹೇಳಿಕೊಟ್ಟವನು, ಕೆಲವು ಸಲ ಕೈ ಬರೀ ಕೈಯೇ ಅಂತಲೂ ಹೇಳಬೇಕಿತ್ತು. ದರ್ಜಿಗೆ ಓದಿ ಹೇಳಿದೆ. "ಹುಡುಗಿಗೆ ನನ್ನ ಮೇಲಿನ ಸಿಟ್ಟು ಇಳಿಸೋಕೆ ಹೇಳಿ ಸ್ವಾಮಿ, ಪಾಪ ನಾನು ಬಾಗಿಲು ಚೆನ್ನಾಗಿದೆ ಅಂದೆ ಅಷ್ಟೇ" ಅಂದ.

ಕಾಗದದ ಮೇಲೆ ತಾರೀಕು ಯಾಕೆ ಹಾಕುತ್ತಾರೆ ಗೊತ್ತಾ? ನೋಡಲಿ ಅಂತ. ನೀನು ಹನ್ನೆರಡಕ್ಕೆ ಬರೆದದ್ದು ನನಗೆ ಸಿಕ್ಕಿದ್ದು ಹದಿನಾರಕ್ಕೆ. ನನ್ನ ಬಾಗಿಲಿನ ಸುದ್ದಿ ಹದಿಮೂರರದ್ದು. ಅದು ನಿನಗೆ ಕೊಟ್ಟ ಉತ್ತರವಲ್ಲ. ಉತ್ತರ ಮೂರು ಸಲ ಬರೆದು ಹರಿದೆ. ಬಾ ಅಂತ ಬರೆದರೆ ಪರೀಕ್ಷೆ ತಪ್ಪಿಸುತ್ತೀಯ, ಬರಬೇಡ ಅಂತ ಬರೆಯಲು ಕೈ ಏಳಲಿಲ್ಲ. ಹಾಗೇ ದಿನ ಕಳೆಯಿತು. ನೀನು ಅಲ್ಲಿ ಒಬ್ಬಳೇ ಕೂತು ನಮ್ಮ ಅಂಗಡಿಗೋಸ್ಕರ ಕೊರಗುತ್ತಿದ್ದೀಯ ಅಂತ ಗೊತ್ತಿದ್ದರೆ ಆ ಮೂರರಲ್ಲಿ ಒಂದನ್ನು ಅಂಚೆಗೆ ಹಾಕುತ್ತಿದ್ದೆ.

ಈಗ ಬರೆಯುತ್ತೇನೆ. ಜಾಗ ಇದೆ. ನಾಳೆಯೂ ಇರುತ್ತದೆ. ಇಪ್ಪತ್ತೊಂದು ತೆಗೆದುಕೊಂಡವಳು ಬರಬೇಕೋ ಬೇಡವೋ ನೀನೇ ಹೇಳು. ಬೈಯುವುದಿಲ್ಲ.

ಮಾವ

ನಾನು ಅತ್ತೆ. ನಿನ್ನ ಮಾವ ಚಹಾಕ್ಕೆ ಎದ್ದು ಹೋಗಿದ್ದಾರೆ, ಅಷ್ಟರಲ್ಲಿ ಬರೆಯುತ್ತಿದ್ದೇನೆ. ಹೊದಿಕೆ ಒದೆಯುವ ಗೆಳತಿ ಯಾರೆಂದು ನನಗೆ ಮೊದಲೇ ಗೊತ್ತಿತ್ತು. ಇವರು ಒಂದು ವಿಷಯ ನಿನಗೆ ಬರೆಯುತ್ತಿಲ್ಲ. ಜುಲೈನಿಂದ ಬಲಗೈ ಮೇಲಕ್ಕೆ ಏಳುತ್ತಿಲ್ಲ. ಹೆಗಲು ಹಿಡಿದಿದೆ. ಅಂಗಿ ನಾನೇ ತೊಡಿಸುತ್ತೇನೆ. ಮೇಜು ವಾಲಿಲ್ಲ, ಅಕ್ಷರ ವಾಲುವುದು ಅದಕ್ಕೆ. ಬಾಗಿಲು ಹಾಕಿಸಿದ್ದೂ ಅದಕ್ಕೇ, ಪೆಟ್ಟಿಗೆ ಹೊರಲು ಆಗುತ್ತಿರಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಅಂದರೆ, "ಎಣ್ಣೆ ಬಿಟ್ರೆ ಸರಿಹೋಗುತ್ತೆ ಸುಮ್ನಿರೇ" ಅನ್ನುತ್ತಾರೆ. ಮನುಷ್ಯನೂ ಸೈಕಲ್ಲೂ ಒಂದೇ ಇವರಿಗೆ. ನೀನು ಅದನ್ನೇ ಓದುತ್ತಿದ್ದೀಯಲ್ಲ, ಒಂದು ಮಾತು ಹೇಳು. ನಾನು ಬರೆದೆ ಅನ್ನಬೇಡ. ಬಂದರು.


ನವೆಂಬರ್ ೧೦

ಮಾವ,

ಅತ್ತೆ ಬರೆದರು. ಅವರ ಹೆಸರು ಹೇಳಬಾರದಂತೆ, ಆದರೆ ನಿಮ್ಮ ಕಾಗದದ ಕೆಳಗೇ ಬರೆದಿದ್ದಾರೆ, ನಾನೇನು ಮಾಡಲಿ?

ಬಾಗಿಲಿನ ವಿಷಯಕ್ಕೆ ನಾನೂ ರೂಮ್‌ಮೇಟೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನು ಸ್ವಲ್ಪ ಅತ್ತೆ ಕೂಡ. (ಅತ್ತೆ ಅಂದರೆ ಅಳುವುದು, ನಿಮ್ಮ ಹೆಂಡತಿ ಅಲ್ಲ. ಈ ಭಾಷೆಯಲ್ಲಿ ಬದುಕುವುದು ಹೇಗೆ ಮಾವ?)

ಈಗ ಹೆಗಲು. ನಿಮ್ಮ ಕಾಗದ ಬಂದ ದಿನವೇ ಅನಾಟಮಿ ಮೇಡಂ ರೂಮಿಗೆ ಹೋದೆ. ಬಾಗಿಲ ಹತ್ತಿರ ನಿಂತು ಎರಡು ಸಲ ವಾಪಸ್ ಬಂದೆ, ಮೂರನೇ ಸಲ ಅವರೇ, "ಒಳಗೆ ಬಾ, ನೆಲ ಸವೆಯುತ್ತೆ" ಅಂದರು. ಅಂಗಡಿ, ಪಂಪು, ಪೆಟ್ಟಿಗೆ, ಅಂಗಿ, ಎಲ್ಲ ಹೇಳಿದೆ. ಎಷ್ಟು ಹೊತ್ತು ಹೇಳಿದೆನೋ, ಅವರು ಕನ್ನಡಕ ತೆಗೆದಿಟ್ಟು ಕೇಳಿಸಿಕೊಂಡರು. ಆಮೇಲೆ ಏಳು ಪ್ರಶ್ನೆ ಕೇಳಿದರು. ಎರಡಕ್ಕೆ ಉತ್ತರ ಗೊತ್ತಿತ್ತು. ಉಳಿದ ಐದು ನೀವೇ ಹೇಳಬೇಕು:

ಕೈ ಮುಂದಕ್ಕೆ ಎಷ್ಟು ಏಳುತ್ತದೆ, ಪಕ್ಕಕ್ಕೆ ಎಷ್ಟು? ಬೆನ್ನ ಹಿಂದೆ ತಿರುಗಿಸಿದರೆ ಸೊಂಟ ಮುಟ್ಟುತ್ತದೆಯಾ? ಬೇರೆಯವರು ಎತ್ತಿದರೂ ಅಷ್ಟೇ ಏಳುತ್ತದೆಯಾ, ಇಲ್ಲ ಇನ್ನೂ ಮೇಲೆ ಹೋಗುತ್ತದೆಯಾ? ಆ ಮಗ್ಗುಲಿಗೆ ಮಲಗಲು ಆಗುತ್ತದೆಯಾ? ಬೆರಳು ಜೋಮು ಹಿಡಿಯುತ್ತದೆಯಾ? ಅತ್ತೆಯ ಹತ್ತಿರ ಅಳತೆ ಟೇಪ್ ಇರುತ್ತದೆ, ಅಂದಾಜಿನಲ್ಲಿ ಬರೆಯಬೇಡಿ.

ಡಾಕ್ಟರ ಹತ್ತಿರ ಈ ವಾರವೇ ಹೋಗಬೇಕು. ಮೇಡಂ ಹೇಳಿದ್ದು, ನಾನಲ್ಲ. ಡಾಕ್ಟರು ನೋಡಿ ಸರಿ ಅಂದ ಮೇಲೆ ಗೋಡೆಗೆ ಎದುರಾಗಿ ನಿಂತು ಎರಡು ಬೆರಳಿನಲ್ಲಿ ಮೆಲ್ಲಗೆ ಗೋಡೆ ಹತ್ತುವುದು, ನೋವು ಶುರುವಾದ ಕಡೆ ನಿಲ್ಲುವುದು. ಜೋರು ಮಾಡುವ ಹಾಗಿಲ್ಲ. ಯಾಕೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಎಣ್ಣೆ ಮಾತ್ರ ಕೆಲಸ ಮಾಡುವುದಿಲ್ಲ.

ಡಿಸೆಂಬರಿನಲ್ಲಿ ಬರುತ್ತೇನೆ, ಹತ್ತು ದಿನದ ರಜೆಗೆ. ಸ್ಟೂಲು ತೆಗೆದಿಡಿ. ಹನ್ನೊಂದನೇ ದಿನ ಇಲ್ಲಿಗೆ ವಾಪಸ್ಸು. ಹೆದರಿಕೆ ಹೋಗಿದೆ ಅಂದುಕೊಳ್ಳಬೇಡಿ, ಇವತ್ತು ಬೆಳಿಗ್ಗೆ ಕೂಡ ಹಾಜರಿ ಕೂಗಿದಾಗ ನನ್ನ ದನಿ ನನಗೇ ಕೇಳಲಿಲ್ಲ. ಆದರೆ ಈಗ ಮೂಳೆಯ ಪೆಟ್ಟಿಗೆ ನನ್ನ ಮಂಚದ ಕೆಳಗಿದೆ. ಹೆಗಲಿನ ಮೂಳೆ ಪದೇ ಪದೇ ತೆಗೆದು ನೋಡಬೇಕಾಗುತ್ತದೆ, ಪ್ರತಿ ಸಲ ಅವಳನ್ನು ಎಬ್ಬಿಸಲು ಆಗುವುದಿಲ್ಲ.

ಐದು ಉತ್ತರ ಬೇಗ ಕಳಿಸಿ. ಇಪ್ಪತ್ತೊಂದನೇ ತಾರೀಕು ಮೇಡಂ ಹೆಗಲಿನ ಪಾಠ ಶುರು ಮಾಡುತ್ತಾರೆ. ನಿಮ್ಮ ವಿಷಯವನ್ನು ನಾನೇ ಮುಂದೆ ನಿಂತು ಕ್ಲಾಸಿಗೆ ಹೇಳಬೇಕಂತೆ, ಅರವತ್ತು ಜನರಿಗೆ. ನಾನು ಹೂಂ ಅಂದುಬಿಟ್ಟಿದ್ದೇನೆ.

ಕಡ್ಡಿ